ಕಾರಿನೊಳಗಿನ ಕೀಂ

ನನ್ನ ಕಾರಿನ ಹಿಂದಿನ ಸೀಟು ಕಿತ್ತು ಅಲ್ಲಿ ದೋಸೆ ಹಿಟ್ಟಿನ ಡ್ರಮ್ಮು ಇಟ್ಟಿದ್ದೇನೆ. ಬೆಳಕು ಹರಿಯುವ ಮೊದಲೇ ಮಲಾಡಿನಿಂದ ಹೊರಟು ಗ್ರಾಂಟ್ ರೋಡಿನ ಹೊಟೇಲುಗಳಿಗೆ ಹಿಟ್ಟು ಮುಟ್ಟಿಸುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಒಮ್ಮೆ ಸ್ಟೇರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿ ಡಿವೈಡರಿಗೆ ಗುದ್ದಿದೆ. ನನಗೇನೂ ಆಗಲಿಲ್ಲ. ಹೈವೇಗೆ ಹಿಟ್ಟಿನ ಅಭಿಷೇಕವಾಯಿತು.

ಮರುದಿನವೇ ಹೆಂಡತಿ ಶೀಲಾವತಿ ಸ್ಟೇಷನ್ ಹತ್ತಿರದಿಂದ ಒಂದು ಗಣಪತಿ ತಂದು ಡ್ಯಾಶ್‌ಬೋರ್ಡಿಗೆ ಅಂಟಿಸಿದಳು. ಗಣಪತಿಯ ಕಾಲ ಬುಡದಲ್ಲಿ ಪುಟ್ಟ ಕೆಂಪು ದೀಪ, ಅದರ ವಯರು ಚಾರ್ಜರಿನ ತೂತಿಗೆ. ನಾನು ಹೊಸ ಸ್ಟೀರಿಯೋ ಹಾಕಿಸಿದೆ. ಜೋರಾಗಿ ಹಾಡು ಹಾಕಿಕೊಂಡರೆ ಯಾವನಿಗೆ ನಿದ್ದೆ ಬರುತ್ತದೆ? ಆದರೆ ಹಾಡಿನ ಹಿಂದೆಯೇ ಕೀಂ ಎಂದು ಒಂದು ಸದ್ದು ಶುರುವಾಯಿತು. ದಿನಾ ಅದನ್ನು ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು.

ವಯರಿಂಗ್ ಮಾಡುವ ಸುಭಾಷ ನಮ್ಮ ಗಲ್ಲಿಯವನೇ, ಬೆಳಗಾವಿಯ ಕಡೆಯವನು. ಬಂದವನು ಮೊದಲು ಗಣಪತಿಗೆ ಕೈಮುಗಿದ.

"ಸದಾನಂದಣ್ಣ, ಇದು ಅರ್ಥಿಂಗ್ ಪ್ರಾಬ್ಲಂ ಐತ್ರಿ. ಹಂಡ್ರೆಡ್ ಪರ್ಸೆಂಟ್."

ಕಾರಿನ ಬಾಡಿಯ ಬಣ್ಣ ಕೆರೆದು ಅಲ್ಲಿಗೆ ಅರ್ಥಿಂಗ್ ವಯರು ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ಮತ್ತೊಂದು ಭಾನುವಾರ ಬಂದು, ಮತ್ತೆ ಕೈಮುಗಿದು, ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನದೇ ಕಿತಾಪತಿ ಅಂದ.

"ಎಂಜಿನ್ ಓಡಿದ್ರೂ ನಿಂತ್ರೂ ಒಂದೇ ಸದ್ದು ಮಾರಾಯ. ಆಲ್ಟರ್ನೇಟರ್ ಹೇಗಾಗ್ತದೆ?" ಎಂದು ರೇಗಿದೆ.

"ಅದೂ ಖರೇನ ಬಿಡ್ರಿ," ಅಂದ. ನಾಚಿಕೆ ಎಂಬುದು ಅವನ ಜಾತಕದಲ್ಲೇ ಇಲ್ಲ.

ಸ್ಪೀಕರಿನ ವಯರುಗಳನ್ನು ಬೇರೆ ದಾರಿಯಲ್ಲಿ ಎಳೆದ. ಸದ್ದು ಇನ್ನೂ ಸ್ಪಷ್ಟವಾಯಿತು. ಕೊನೆಗೆ ಹಾಡು ಹಾಕಿಟ್ಟು ಒಂದೊಂದೇ ಫ್ಯೂಸ್ ಕೀಳುತ್ತಾ ಬಂದ. ಒಂದು ಕಿತ್ತಾಗ ಕೀಂ ನಿಂತಿತು, ಗಣಪತಿಯ ಕಾಲ ಬುಡದ ದೀಪವೂ ಆರಿತು. ಇಷ್ಟು ದಿನ ಇಡೀ ಕಾರು ಬಿಚ್ಚಿದೆವು, ದೇವರ ದೀಪವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

"ನಾ ಏನೂ ಅನ್ನಂಗಿಲ್ರಿ," ಎಂದು ಸುಭಾಷ ಆ ಫ್ಯೂಸನ್ನು ಮೊದಲಿನ ಜಾಗಕ್ಕೇ ಹಾಕಿ, ಕೈಮುಗಿದು ಹೋದ.

ಶೀಲಾವತಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ದೀಪದ ವಿಷಯ ಹೇಳಿದೆ.

"ನನಗೆ ಗೊತ್ತುಂಟು," ಅಂದಳು, ತಲೆ ಎತ್ತದೆ.

"ಎಂತ ಗೊತ್ತುಂಟು?"

"ಮೊದಲ ವಾರವೇ ವಯರು ತೆಗೆದು ನೋಡಿದ್ದೆ. ಸದ್ದು ನಿಂತಿತು. ಪುನಃ ಸಿಕ್ಕಿಸಿದೆ."

"ನಿನಗೆಂತ ಮಂಡೆ ಸಮ ಇಲ್ವಾ? ನಾನಿಲ್ಲಿ ಹುಚ್ಚನ ಹಾಗೆ ಕಾರು ಬಿಚ್ಚಿಸ್ತಾ ಇದ್ದೇನೆ!"

"ನೀವು ಡಿವೈಡರಿಗೆ ಗುದ್ದಿದ ದಿನವೂ ರೇಡಿಯೋದಲ್ಲಿ ಹಾಡು ಬರ್ತಿತ್ತಲ್ಲ. ಹಾಡು ಕೇಳಿದ್ರೆ ನಿಮಗೆ ನಿದ್ದೆ ಬರ್ತದೆ. ಸಿಟ್ಟು ಬಂದ್ರೆ ಬರುದಿಲ್ಲ. ಈ ಸದ್ದಿಗೆ ಬೈತಾ ಹೋಗುವಾಗ ಒಂದು ದಿನವಾದ್ರೂ ತೂಕಡಿಸಿದ್ದೀರಾ?"

ಹೆಂಡತಿಯ ಮಾತು ಸರಿ ಇದ್ದಾಗ ನನಗೆ ಇನ್ನೂ ಸಿಟ್ಟು ಬರುತ್ತದೆ. ಊಟ ಮಾಡದೆ ಮಲಗಿದೆ.

ಮರುದಿನ ಕಾರು ಹತ್ತಿದವನೇ ದೀಪದ ವಯರು ಕಿತ್ತೆ. ಹಾಡು ಹಾಲಿನ ಹಾಗೆ ಬಂತು. ಆಹಾ, ಅಂದುಕೊಂಡೆ. ಅಂಧೇರಿಯ ಸಿಗ್ನಲಿನಲ್ಲಿ ನಿಂತದ್ದು ನೆನಪಿದೆ. ಆಮೇಲೆ ನೆನಪಿರುವುದು ಹಿಂದಿನ ಟ್ರಕ್ಕಿನವನ ಹಾರ್ನ್ ಮತ್ತು ಅವನು ನನ್ನ ತಾಯಿಯ ಬಗ್ಗೆ ಹೇಳಿದ ಮಾತು. ಸಿಗ್ನಲ್ ಹಸಿರಾಗಿತ್ತು. ನನ್ನ ಗದ್ದ ಎದೆಗೆ ತಾಗಿತ್ತು.

ಬದಿಗೆ ಹಾಕಿ ನಿಲ್ಲಿಸಿದೆ. ನಿಜ ಹೇಳುತ್ತೇನೆ, ಗುದ್ದಿದ ದಿನವೂ ಅಷ್ಟು ಹೆದರಿರಲಿಲ್ಲ. ಶೀಲಾವತಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಮಲಗ್ಲಿಲ್ವಾ ನೀನು?"

"ನೀವು ಗ್ರಾಂಟ್ ರೋಡ್ ಮುಟ್ಟುವವರೆಗೆ ನಾನು ಯಾವತ್ತು ಮಲಗಿದ್ದೇನೆ?"

ವಯರು ಸಿಕ್ಕಿಸಿ, ಸ್ಟೀರಿಯೋ ಪೂರ್ತಿ ಏರಿಸಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದೆ.

"ಕೇಳ್ತದಾ?"

"ಹ್ಞಾಂ, ಕೇಳ್ತದೆ," ಅಂದಳು. "ಇನ್ನು ಹೋಗಿ. ನಾನು ಸ್ವಲ್ಪ ಮಲಗ್ತೇನೆ."