ಒದೆಯದ ಪೆಡಲ್

“ಎಲ್ರಿಗೂ ಮಾಡಿಸ್ತೀರಿ, ನನಗೊಬ್ಬಳಿಗೆ ಯಾಕೆ ಬೇಡ?” ಎನ್ನುತ್ತ ನರ್ಸಮ್ಮ ಕಾರನ್ನು ಗೋದಾಮಿನ ಗೋಡೆ ಪಕ್ಕದ ಜಲ್ಲಿ ದಾರಿಗೆ ತಿರುಗಿಸಿಯೇ ಬಿಟ್ಟಳು.

ಪಕ್ಕದ ಸೀಟಿನಲ್ಲಿ ಕೂತಿದ್ದ ಅಳಿಯ ಸ್ಟೀರಿಂಗಿನ ಕಡೆ ಕೈ ಚಾಚಿದ. “ಇವತ್ತು ಬೇಡಮ್ಮ, ನಿಮಗೆ ಡ್ಯೂಟಿಗೆ ಹೊತ್ತಾಗುತ್ತೆ” ಎಂದ. ಹಿಂದಿನ ಸೀಟಿನಲ್ಲಿದ್ದ ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಗ್ಯಾರೇಜು ಮೇಸ್ತ್ರಿಯವರದು, ಅಳಿಯನೂ ಅವರವನೇ. ಗಿರಾಕಿಗಳಿಗೆ ಕಾರು ತೋರಿಸಿ ಕೊಡುವ ಕೆಲಸವನ್ನು ಅವರು ಅಳಿಯನಿಗೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಇವತ್ತು ಮಾತ್ರ ಕರೆಯದಿದ್ದರೂ ಬಂದು ಹಿಂದೆ ಹತ್ತಿ ಕೂತಿದ್ದರು. ಅಳಿಯನ ಬಾಯಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಅಷ್ಟೇ ವಿಷಯ.

ಜಲ್ಲಿ ದಾರಿಯ ಪಾಠ ಅಳಿಯನೇ ಶುರು ಮಾಡಿದ್ದು. ಬ್ರೇಕಿನ ಕೆಲಸಕ್ಕೆ ಬಂದ ಯಾವ ಕಾರೂ ಈ ಪಾಠವಿಲ್ಲದೆ ಗ್ಯಾರೇಜು ಬಿಟ್ಟು ಹೋಗುತ್ತಿರಲಿಲ್ಲ. ನಲವತ್ತರ ವೇಗದಲ್ಲಿ ಜಲ್ಲಿಗೆ ಇಳಿಯಬೇಕು, ಬ್ರೇಕನ್ನು ತಳಮುಟ್ಟ ಒತ್ತಬೇಕು. ಆಗ ಪೆಡಲ್ ಗುಡುಗುಡು ಎಂದು ಅಂಗಾಲಿಗೆ ಒದೆಯುತ್ತದೆ. ಗೊತ್ತಿಲ್ಲದವರು ಏನೋ ಮುರಿಯಿತು ಅಂತ ಹೆದರಿ ಕಾಲು ಎತ್ತಿಬಿಡುತ್ತಾರೆ, ಗುದ್ದುವುದು ಆಗಲೇ. “ಅದು ಒದೀಲಿ, ನೀವು ಮಾತ್ರ ಕಾಲು ತೆಗೀಬೇಡಿ” ಎಂದು ಅವನು ಪ್ರತಿಯೊಬ್ಬರಿಗೂ ಹೇಳುತ್ತಿದ್ದ. ನಾಲ್ಕು ಚಕ್ರಕ್ಕೂ ಒಂದೊಂದು ಸೆನ್ಸರ್ ಇದೆ, ಅದು ಚಕ್ರದ ಸುತ್ತು ಎಣಿಸುತ್ತಲೇ ಇರುತ್ತದೆ. ಕಾರು ಇನ್ನೂ ಓಡುತ್ತಿರುವಾಗಲೇ ಒಂದು ಚಕ್ರ ಗಕ್ಕನೆ ನಿಲ್ಲುವಂತಾದರೆ ಪೆಟ್ಟಿಗೆಯೊಳಗಿನ ಕಂಪ್ಯೂಟರ್ ಆ ಚಕ್ರದ ಬ್ರೇಕನ್ನು ಚೂರು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಒಂದು ಸೆಕೆಂಡಿಗೆ ಹತ್ತು ಹದಿನೈದು ಸಲ. ನಿಂತ ಚಕ್ರ ಸ್ಟೀರಿಂಗಿನ ಮಾತು ಕೇಳುವುದಿಲ್ಲ, ಉರುಳುವ ಚಕ್ರ ಕೇಳುತ್ತದೆ. ಇನ್ನು ತಿರುವಿನಲ್ಲಿ ಸ್ಟೀರಿಂಗ್ ಒಂದು ಕಡೆ ತೋರಿಸಿ ಕಾರು ಇನ್ನೊಂದು ಕಡೆ ಜಾರಿದರೆ ಅದೇ ಕಂಪ್ಯೂಟರ್ ಯಾವುದೋ ಒಂದೇ ಚಕ್ರಕ್ಕೆ ಬ್ರೇಕು ಹಾಕಿ ಕಾರನ್ನು ದಾರಿಗೆ ಎಳೆದು ತರುತ್ತದೆ. ಇದನ್ನೆಲ್ಲ ಅವನು ಹೇಳುವಾಗ ಮೇಸ್ತ್ರಿ ದೂರದಿಂದಲೇ ನಗುತ್ತಿದ್ದರು. “ನಮ್ಮ ಕಾಲದಲ್ಲಿ ನಮ್ಮ ಕಾಲೇ ಕಂಪ್ಯೂಟರು ಕಣಯ್ಯಾ. ಒತ್ತಿ ಬಿಡು, ಒತ್ತಿ ಬಿಡು. ಯಾರು ಸತ್ರು?”

ಯಾರೂ ಸಾಯಲಿಲ್ಲ ಎಂದೇನಲ್ಲ. ಆದರೆ ಮಾವನ ಎದುರು ಆ ಲೆಕ್ಕ ತೆಗೆಯುವ ಗಂಡಸು ಆ ಮನೆಯಲ್ಲಿರಲಿಲ್ಲ.

ನರ್ಸಮ್ಮನ ಕಾರು ಬಂದದ್ದು ಹಿಂದಿನ ದಿನ, ಸೋಮವಾರ. ಮುಂದಿನ ಎಡಚಕ್ರ ಗೊಯ್ಯೆಂದು ಸದ್ದು ಮಾಡುತ್ತಿತ್ತು. ಅದರ ಜೊತೆಗೆ ಅವಳದು ಇನ್ನೊಂದು ದೂರು, ಮೊನ್ನೆ ನಾಯಿ ಅಡ್ಡ ಬಂದಾಗ ಬ್ರೇಕ್ ಒತ್ತಿದರೆ ಪೆಡಲ್ ಕತ್ತೆಯ ಹಾಗೆ ಒದೆಯಿತು ಎಂದು. ಅದು ದೋಷವಲ್ಲ, ಅದರ ಕೆಲಸವೇ ಅದು ಎಂದು ಅಳಿಯ ಹೇಳಿದ್ದ. ಅವಳು ಅರ್ಧ ನಂಬಿ ಅರ್ಧ ಬಿಟ್ಟು ಹೋಗಿದ್ದಳು. ಸದ್ದು ಬೇರಿಂಗಿನದು. ಅವಳ ಕಾರಿನ ಕೆಲಸವನ್ನು ಮೇಸ್ತ್ರಿ ಯಾವಾಗಲೂ ತಾವೇ ಮಾಡುವುದು. ಅವರ ಹೆಂಡತಿಯ ಕೊನೆಗಾಲದಲ್ಲಿ ನರ್ಸಮ್ಮ ಆಕೆಯನ್ನು ಸ್ವಂತ ತಾಯಿಯ ಹಾಗೆ ನೋಡಿಕೊಂಡಿದ್ದಳು. ಅಳಿಯ ಬೇರೊಂದು ಗಾಡಿಯ ಕೆಳಗೆ ಮಲಗಿದ್ದಾಗ ಮೇಸ್ತ್ರಿ ಹೊಸ ಬೇರಿಂಗನ್ನು ಪ್ರೆಸ್ಸಿನಲ್ಲಿಟ್ಟು ಒತ್ತಿ ಕೂರಿಸಿ, ಚಕ್ರ ಕಟ್ಟಿ, ಕೈ ಒರೆಸಿಕೊಂಡೂ ಆಗಿತ್ತು.

ಆ ಬೇರಿಂಗಿಗೆ ಎರಡು ಮುಖ. ಎರಡೂ ಕಪ್ಪು ರಬ್ಬರು, ಎರಡೂ ನುಣುಪು. ಒಂದು ಮುಖದ ರಬ್ಬರಿನಲ್ಲಿ ಮಾತ್ರ ತೆಳುವಾದ ಅಯಸ್ಕಾಂತದ ಪದರ ಇರುತ್ತದೆ, ಸೆನ್ಸರ್ ಸುತ್ತು ಎಣಿಸುವುದು ಅದನ್ನು ನೋಡಿ. ಆ ಮುಖದ ಕಪ್ಪು ಚೂರು ಕಂದು, ಪಳಗಿದ ಕಣ್ಣಿಗೆ ಮಾತ್ರ ಕಾಣುವಂಥದ್ದು. ತಿರುಗಿಸಿ ಹಾಕಿದರೆ ಚಕ್ರ ಬೆಣ್ಣೆಯ ಹಾಗೆ ತಿರುಗುತ್ತದೆ, ಸದ್ದು ಹೋಗುತ್ತದೆ, ಎಲ್ಲ ಸರಿ. ಸೆನ್ಸರ್ ಒಂದೇ ಕುರುಡು. ಒಂದು ಚಕ್ರದ ಸುದ್ದಿ ಬಾರದಿದ್ದರೆ ಕಂಪ್ಯೂಟರ್ ನಾಲ್ಕರ ಕೆಲಸವನ್ನೂ ಬಿಟ್ಟು, ಡ್ಯಾಶ್‌ಬೋರ್ಡಿನಲ್ಲಿ ಎರಡು ಹಳದಿ ದೀಪ ಹಚ್ಚಿ ಕೂತುಬಿಡುತ್ತದೆ.

ಆ ಎರಡು ದೀಪವೂ ಹತ್ತಿದವು. ಅಳಿಯ ಸೆನ್ಸರ್ ಬಿಚ್ಚಿ ತೂತಿನೊಳಗೆ ಟಾರ್ಚು ಬಿಟ್ಟು ನೋಡಿದ, ಬೇರಿಂಗ್ ತಿರುಗುಮುರುಗಾಗಿ ಕೂತಿದ್ದು ಕಂಡಿತು. ಒಂದು ವರ್ಷದಿಂದ ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದಿತ್ತು. ಅವರು ಅದನ್ನು ಯಾರಿಗೂ ಹೇಳಲಿಲ್ಲ, ಮನೆಯವರು ಕಂಡೂ ಕಾಣದ ಹಾಗಿದ್ದರು. ನಟ್ಟು ಬೋಲ್ಟು, ತಿರುಪಿನ ಗೆರೆ, ತೊಟ್ಟಿಕ್ಕುವ ಎಣ್ಣೆ ಎಲ್ಲವನ್ನೂ ಬೆರಳಿನಿಂದ ಓದುವ ಕೈ ಅವರದು. ಅಯಸ್ಕಾಂತದ ಪದರ ಒಂದೇ ಆ ಬೆರಳಿಗೆ ಸಿಗುವಂಥದ್ದಲ್ಲ.

“ಬಿಚ್ಚಿದ್ರೆ ಬೇರಿಂಗ್ ಹಾಳಾಗುತ್ತೆ. ಹೊಸದು ಬರೋದು ಶುಕ್ರವಾರ” ಎಂದಿದ್ದ ಅಳಿಯ.

“ಶುಕ್ರವಾರದ ತನಕ ಅವಳು ನಡ್ಕೊಂಡು ಹೋಗ್ಬೇಕಾ? ಬ್ರೇಕ್ ಹಿಡಿಯುತ್ತೋ ಇಲ್ವೋ?”

“ಹಿಡಿಯುತ್ತೆ. ಆದ್ರೆ...”

“ಹಿಡಿಯುತ್ತಲ್ಲ. ದೀಪದ ಮೇಲೆ ಕಪ್ಪು ಟೇಪ್ ಹಾಕು. ಶುಕ್ರವಾರ ಏನೋ ನೆಪ ಹೇಳಿ ಕರೆಸಿದ್ರಾಯ್ತು.”

ಗ್ಯಾರೇಜಿನ ಮೇಲೆಯೇ ಎರಡು ಕೋಣೆಯ ಮನೆ. ಮೆಟ್ಟಿಲು ಇಳಿಯುವುದು ಗ್ಯಾರೇಜಿನೊಳಕ್ಕೇ, ಬೀದಿಗೆ ಬೇರೆ ಬಾಗಿಲಿಲ್ಲ. ಒಂದು ಬೆಂಕಿಪೊಟ್ಟಣ ತರಬೇಕೆಂದರೂ ಮಾವನ ಕುರ್ಚಿಯ ಮುಂದಿನಿಂದಲೇ ಹಾದುಹೋಗಬೇಕು. ಅಳಿಯ ಮೇಲೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. “ತಪ್ಪು ಗೊತ್ತಾಗಿ ಆ ನರ್ಸಮ್ಮ ಒಂದ್ಸಲ ಅಪ್ಪನ ಮುಖ ನೋಡಿದ್ರೆ ಸಾಕು, ಕಣ್ಣಿನ ವಿಷಯ ಗೊತ್ತಾಗುತ್ತೆ. ಕೆಲಸ ಬಿಡಿ ಅಂತಾಳೆ. ಅಪ್ಪನ್ನ ಮೂಲೇಲಿ ಕೂರಿಸಿದ್ರೆ ಅವ್ರು ಆರು ತಿಂಗಳೂ ಬದುಕಲ್ಲ. ನಾಲ್ಕು ದಿನ ತಾನೆ? ನಿಮ್ಮ ಕಾಲಿಗೆ ಬೀಳ್ತೀನಿ” ಎಂದಳು. ಅಳಿಯ ಕೆಳಗಿಳಿದು ಮೀಟರಿನ ಫಲಕ ಬಿಚ್ಚಿ ಉಗುರಿನಷ್ಟಗಲದ ಎರಡು ಟೇಪು ಅಂಟಿಸಿದ. ಅಂಟಿಸಿದ್ದು ಅವನದೇ ಕೈ.

ಈಗ ಕಾರು ಜಲ್ಲಿಗೆ ಇಳಿಯಿತು. ಮುಳ್ಳು ನಲವತ್ತು ಮುಟ್ಟಿತು. “ಒತ್ತಲಾ?” ಎಂದು ನರ್ಸಮ್ಮ ಕೇಳಿದಳು, ಉತ್ತರಕ್ಕೆ ಕಾಯದೆ ಒತ್ತಿಯೇ ಬಿಟ್ಟಳು.

ಪೆಡಲ್ ಒದೆಯಲಿಲ್ಲ. ಚಕ್ರಗಳು ಕಲ್ಲಿನಂತೆ ನಿಂತವು, ಕಾರು ನಿಲ್ಲಲಿಲ್ಲ. ಸರ್ರೆಂದು ಜಲ್ಲಿಯ ಮೇಲೆ ಜಾರಿತು, ಮೂತಿ ಮೆಲ್ಲಗೆ ಗೋಡೆಯ ಕಡೆಗೆ ತಿರುಗಿತು. ನರ್ಸಮ್ಮ ಸ್ಟೀರಿಂಗ್ ತಿರುಗಿಸುತ್ತಲೇ ಇದ್ದಳು, ಕಾರು ಕೇಳಲಿಲ್ಲ. ಗೋಡೆ ಇನ್ನು ಮೊಳದಷ್ಟು ದೂರ ಇದೆ ಎನ್ನುವಾಗ ಧೂಳೆಬ್ಬಿಸಿಕೊಂಡು ನಿಂತಿತು. ಅಳಿಯನ ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲಿದ್ದವು, ಯಾವಾಗ ಅಲ್ಲಿಗೆ ಹೋದವೋ ಅವನಿಗೇ ಗೊತ್ತಿರಲಿಲ್ಲ.

ನರ್ಸಮ್ಮ ಉಸಿರು ಬಿಟ್ಟು ನಕ್ಕಳು. “ಒದೀಲೇ ಇಲ್ಲ! ನೋಡಿದ್ರಾ? ಒಂಚೂರೂ ಒದೀಲಿಲ್ಲ. ಅದು ದೋಷ ಅಲ್ಲ ಅಂತ ನೀವು ನನ್ನೇ ದಬಾಯಿಸಿದ್ರಿ. ಮೇಸ್ತ್ರಿ ಕೈ ಹಾಕಿದ್ರು, ಹೋಯ್ತು ನೋಡಿ.” ಅವಳು ಹಿಂದೆ ತಿರುಗಿದಳು. “ಇನ್ನು ಡ್ಯೂಟಿಗೆ ಹೋಗೋ ಆ ಘಾಟಿ ರಸ್ತೇಲಿ ಧೈರ್ಯವಾಗಿ ಇಳೀಬಹುದು ಅಲ್ವಾ?”

ಮೇಸ್ತ್ರಿ ಕಿಟಕಿಯ ಕಡೆ ಮುಖ ಮಾಡಿದ್ದರು. “ನಿಧಾನಕ್ಕೆ ಹೋಗಮ್ಮ” ಎಂದರು.

ಘಾಟಿಯ ಏಳು ತಿರುವುಗಳಲ್ಲಿ ಒಂದೊಂದೂ ಅಳಿಯನಿಗೆ ಗೊತ್ತಿತ್ತು. ಮಾವನ ಮಾನ, ಹೆಂಡತಿಯ ಮಾತು, ಈ ಹೆಣ್ಣಿನ ಪ್ರಾಣ, ಮೂರನ್ನೂ ಒಟ್ಟಿಗೆ ಹಿಡಿಯುವ ಕೈ ಅವನಿಗಿರಲಿಲ್ಲ. ಕೀಲಿ ತಿರುಗಿಸಿ ಕಿತ್ತುಕೊಂಡ. “ಹೋಗ್ಬೇಡಿ. ಅದು ಒದೀಬೇಕಿತ್ತು. ಒದೀಲಿಲ್ಲ ಅಂದ್ರೆ ಕೆಲಸ ಮಾಡ್ತಿಲ್ಲ ಅಂತ. ಬೇರಿಂಗ್ ತಿರುಗಿಸಿ ಹಾಕಿದೆ. ದೀಪ ಹತ್ತುತ್ತೆ ಅಂತ ಟೇಪ್ ಅಂಟಿಸಿದೆ” ಎಂದ. ಒಂದು ಕ್ಷಣ ಬಿಟ್ಟು, “ಎಲ್ಲ ನಾನೇ ಮಾಡಿದ್ದು” ಎಂದ.

ಹಿಂದಿನ ಸೀಟಿನಲ್ಲಿ ಮೇಸ್ತ್ರಿ ಕಿಟಕಿಯ ಗಾಜು ಇಳಿಸತೊಡಗಿದರು.

ನರ್ಸಮ್ಮನ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು. ಅವಳು ಕಿರುಚಲಿಲ್ಲ, ಕಿರುಚಿದ್ದರೆ ವಾಸಿಯಿತ್ತು. “ನನಗೆ ಎರಡು ಮಕ್ಕಳಿದ್ದಾರೆ ಅಂತ ಗೊತ್ತಲ್ವಾ ನಿಮಗೆ? ಇದೇ ಸೀಟಲ್ಲಿ ಕೂರಿಸ್ಕೊಂಡು ಹೋಗೋದು” ಎಂದಳು. “ಇನ್ಮೇಲೆ ನನ್ನ ಗಾಡಿಗೆ ನೀವು ಕೈ ಹಾಕ್ಬೇಡಿ. ಶುಕ್ರವಾರ ಬೇರಿಂಗ್ ನಾನೇ ಅಂಗಡಿಯಿಂದ ತರ್ತೀನಿ, ಪ್ಯಾಕೆಟ್ ನನ್ನೆದುರಿಗೇ ಒಡೀಬೇಕು. ಮೇಸ್ತ್ರಿ ಹಾಕ್ಲಿ, ನಾನು ಕೂತು ನೋಡ್ತೀನಿ.” ಕಾರನ್ನು ಅಲ್ಲೇ ಬಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದುಹೋದಳು.

ಮಾವ ಅಳಿಯ ಇಬ್ಬರೇ ಉಳಿದರು. “ನಿನ್ನನ್ನ ಯಾರು ಕೇಳಿದ್ರು?” ಎಂದರು ಮೇಸ್ತ್ರಿ. “ನನ್ನ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ದೊಡ್ಡ ಮನುಷ್ಯ ಆಗ್ಬಿಟ್ಟೆ. ಈಗ ಶುಕ್ರವಾರ ಏನ್ ಮಾಡ್ಲಿ ನಾನು?”

ಅಳಿಯ ಉಪಕಾರ ಮಾಡಲು ಹೋಗಿ ಮಾವನನ್ನು ಇನ್ನಷ್ಟು ಇಕ್ಕಟ್ಟಿಗೆ ನೂಕಿದ್ದ. ಮೂರು ದಿನ ತಲೆ ಕೆಡಿಸಿಕೊಂಡ. ಮುಂಚೆಯೇ ಒಂದು ಮುಖಕ್ಕೆ ಗೀರು ಹಾಕಿ ಇಡೋಣವೆಂದರೆ ಪ್ಯಾಕೆಟ್ಟು ಇರುವುದು ನರ್ಸಮ್ಮನ ಕೈಯಲ್ಲಿ. ಸರಿಯಾದ ಮುಖ ಮೇಲೆ ಬಂದಾಗ ಕೆಮ್ಮುತ್ತೇನೆ ಎಂದ. “ನಾನೇನು ಸರ್ಕಸ್ ಕರಡಿನಾ?” ಎಂದು ಮೇಸ್ತ್ರಿ ಊಟದ ತಟ್ಟೆ ಸರಿಸಿ ಎದ್ದರು. ಹೆಂಡತಿ ಅಪ್ಪನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಡ್ಯೂಟಿ ಮುಗಿಸಿಕೊಂಡು ನರ್ಸಮ್ಮ ಸಮವಸ್ತ್ರದಲ್ಲೇ ಬಂದಳು. ಪ್ರೆಸ್ಸಿನ ಎದುರು ಸ್ಟೂಲು ಎಳೆದುಕೊಂಡು ಕೂತಳು. ಅಳಿಯ ಮೆಟ್ಟಿಲ ಹತ್ತಿರವೇ ನಿಂತ, ಹೆಂಡತಿ ಅವನ ಹಿಂದೆ ಎರಡು ಮೆಟ್ಟಿಲು ಮೇಲೆ. ತಿರುಗಿ ಕೂತಿದ್ದ ಬೇರಿಂಗು ಬೆಳಿಗ್ಗೆಯೇ ಹೊರಬಂದಿತ್ತು. ನರ್ಸಮ್ಮ ಪ್ಯಾಕೆಟ್ ಹರಿದು ಹೊಸದನ್ನು ಮೇಸ್ತ್ರಿಯ ಕೈಗಿಟ್ಟಳು.

ಮೇಸ್ತ್ರಿ ಅದನ್ನು ಒಂದು ಸಲ ತಿರುಗಿಸಿದರು, ಮತ್ತೊಂದು ಸಲ ತಿರುಗಿಸಿದರು. ಹೆಬ್ಬೆರಳಿನಿಂದ ಎರಡೂ ಮುಖವನ್ನು ಸವರಿದರು. ಬೆಳಕು ಸಾಲದು ಎಂಬಂತೆ ಬಾಗಿಲ ಕಡೆಗೆ ಹಿಡಿದರು. ಅಳಿಯನಿಗೆ ತಾನು ನಿಂತಲ್ಲಿಂದಲೇ ಗೊತ್ತಾಗುತ್ತಿತ್ತು: ಅಯಸ್ಕಾಂತದ ಮುಖ ಈಗ ಕೆಳಗಿದೆ, ಈಗ ಮೇಲೆ ಬಂತು. ಅವನಿಗೆ ತಡೆಯಲಾಗಲಿಲ್ಲ, ಕೆಮ್ಮಿದ.

“ಕೆಮ್ಮಿಗೆ ಬಿಸಿನೀರು ಕುಡಿ ಹೋಗು” ಎಂದರು ಮೇಸ್ತ್ರಿ, ತಿರುಗದೆ.

ಅವರು ಬೇರಿಂಗನ್ನು ಪ್ರೆಸ್ಸಿನ ಹಾಸಿನ ಮೇಲಿಟ್ಟರು. ಸನ್ನೆಕೋಲಿನ ಮೇಲೆ ಕೈ ಇಟ್ಟರು. ಒಂದು ಸಲ ಎಳೆದರೆ ಮುಗಿಯಿತು, ಸರಿಯೋ ತಪ್ಪೋ. ಹೆಂಡತಿ ಹಿಂದಿನಿಂದ ಗಂಡನ ಅಂಗಿಯನ್ನು ಹಿಡಿದುಕೊಂಡಳು. ಮೇಸ್ತ್ರಿ ಕೈ ತೆಗೆದು, ಬೇರಿಂಗನ್ನು ಮತ್ತೆ ಎತ್ತಿಕೊಂಡರು.

“ನಿನ್ನ ಹತ್ರ ಒಂದು ಗುಂಡುಪಿನ್ನು ಇದೆಯೇನಮ್ಮ?”

ನರ್ಸಮ್ಮ ಎದೆಯ ಮೇಲಿನ ಹೆಸರುಪಟ್ಟಿಯಿಂದ ಪಿನ್ನು ಬಿಚ್ಚಿ ಕೊಟ್ಟಳು. ಅದನ್ನು ಮೇಸ್ತ್ರಿ ಒಂದು ಮುಖಕ್ಕೆ ತಾಗಿಸಲು ಹೋದರು, ಪಿನ್ನು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಹುಡುಕಿದರು. ಪಿನ್ನು ಬಲಗಾಲಿನ ಪಕ್ಕದಲ್ಲೇ ಮಿನುಗುತ್ತಿತ್ತು, ಅವರ ಕೈ ಎಡಕ್ಕೆ ಸಿಮೆಂಟನ್ನು ತಡವುತ್ತಿತ್ತು. ನರ್ಸಮ್ಮ ಸ್ಟೂಲಿನಿಂದ ಎದ್ದು ಬಂದು ಅದನ್ನು ಎತ್ತಿಕೊಂಡಳು.

“ನೀನೇ ಹಿಡಿಯಮ್ಮ” ಎಂದರು ಮೇಸ್ತ್ರಿ, ಬೇರಿಂಗನ್ನು ಅವಳ ಮುಂದೆ ಚಾಚಿ. “ಇದರ ಒಂದು ಕಡೆ ಅಯಸ್ಕಾಂತ ಇರುತ್ತೆ. ಜೋರಿರಲ್ಲ, ಪಿನ್ನಿನ ಮೊನೆ ಚೂರು ವಾಲುತ್ತೆ ಅಷ್ಟೇ. ಯಾವ ಕಡೆ ವಾಲುತ್ತೆ ನೋಡಿ ಹೇಳು.”

“ನೀವೇ ನೋಡಬಹುದಲ್ಲ ಮೇಸ್ತ್ರಿ?”

“ನೋಡೋಕೆ ಆಗಿದ್ರೆ ಸೋಮವಾರಾನೇ ನೋಡ್ತಿದ್ದೆ.”

ನರ್ಸಮ್ಮ ಮೆಟ್ಟಿಲ ಕಡೆ ಒಂದು ಸಲ ನೋಡಿದಳು. ಅಳಿಯ ತಲೆ ತಗ್ಗಿಸಿದ. ಅವಳು ಮೇಸ್ತ್ರಿಯ ಮುಖಕ್ಕೆ ಹತ್ತಿರ ಬಂದು, ರೋಗಿಯ ಕಣ್ಣು ನೋಡುವಂತೆ ನೋಡಿದಳು. ಆಮೇಲೆ ಪಿನ್ನನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಒಂದು ಮುಖದ ಬಳಿ ತಂದಳು, ತಿರುಗಿಸಿ ಇನ್ನೊಂದರ ಬಳಿ ತಂದಳು. ಮೊನೆ ವಾಲಿತು.

ಅವಳು ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡು, ಅವರ ಹೆಬ್ಬೆರಳನ್ನು ಹಿಡಿದು ಆ ಮುಖದ ಮೇಲೆ ತಂದು ಇಟ್ಟಳು, ಅಲ್ಲೇ ಒತ್ತಿ ಹಿಡಿದುಕೊಂಡಳು.