ಕಣ್ಣು ಬಿಟ್ಟ ದೊಡ್ಡಮ್ಮ

ಈ ಗಂಡ ಹೆಂಡತಿ ಯಾವ ಮದುವೆಮನೆಗೆ ಕಾಲಿಟ್ಟರೂ ಬಾಗಿಲಲ್ಲೇ ಒಂದು ತಪ್ಪು ನಡೆಯುತ್ತಿತ್ತು. ಜನ ಗಂಡನ ಕೈ ಕುಲುಕಿ "ಬನ್ನಿ ಫೋಟೋಗ್ರಾಫರೇ" ಅನ್ನುತ್ತಿದ್ದರು. ಹೆಂಡತಿಗೆ "ನೀವು ಒಳಗೆ ಕೂತ್ಕೊಳ್ಳಿ, ಫ್ಯಾನ್ ಇದೆ" ಅನ್ನುತ್ತಿದ್ದರು. ಅವಳು ನಕ್ಕು ಚೀಲದಿಂದ ಕ್ಯಾಮೆರಾ ತೆಗೆಯುತ್ತಿದ್ದಳು. ಕ್ಯಾಮೆರಾ ಅವಳದು, ಬೆಳಕು ಅವನದು. ಫ್ಲ್ಯಾಷಿಗೆ ಬಿಳಿ ಕೊಡೆ ಬಿಚ್ಚಿ ಹಿಡಿದುಕೊಂಡು ಮದುವೆ ಮದುವೆ ಸುತ್ತಿದ್ದರಿಂದ ಅವನಿಗೆ ಛತ್ರಿ ಎಂಬ ಹೆಸರು ಅಂಟಿಕೊಂಡಿತ್ತು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ.

ಮೊದಲು ನಾಟಕದ ಕಂಪನಿಯಲ್ಲಿ ದೀಪ ನೋಡಿಕೊಳ್ಳುತ್ತಿದ್ದವನು ಅವನು. ಆ ಚಟ ಬಿಟ್ಟಿರಲಿಲ್ಲ. ಮದುಮಗಳ ಬೆನ್ನ ಹಿಂದೆ ದೀಪವಿಟ್ಟು ಕೂದಲಿನ ಅಂಚೆಲ್ಲ ಹೊಳೆಯುವಂತೆ ಮಾಡುತ್ತಿದ್ದ. ಅಡುಗೆಮನೆಯ ಜರಡಿಯನ್ನು ದೀಪಕ್ಕೆ ಅಡ್ಡ ಹಿಡಿದು ಕೆನ್ನೆಯ ಮೇಲೆ ಚುಕ್ಕಿ ಚುಕ್ಕಿ ನೆರಳು ಬೀಳಿಸುತ್ತಿದ್ದ. ನೀರು ತುಂಬಿದ ಗಾಜಿನ ಲೋಟದಲ್ಲಿ ಬೆಳಕು ಹಾಯಿಸಿ ಗೋಡೆಯ ಮೇಲೆ ಅಲೆ ಎಬ್ಬಿಸುತ್ತಿದ್ದ. ಒಮ್ಮೆ ಒಬ್ಬ ಮದುಮಗನ ಅರ್ಧ ಮುಖವನ್ನು ಕತ್ತಲಲ್ಲಿ ಬಿಟ್ಟದ್ದಕ್ಕೆ ಅವನ ತಾಯಿ "ನಮ್ಮ ಹುಡುಗನ ಇನ್ನರ್ಧ ಎಲ್ಲಿ?" ಎಂದು ಜಗಳಕ್ಕೇ ನಿಂತಿದ್ದಳು. ಛತ್ರಿ ಜಗ್ಗಲಿಲ್ಲ. ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಫೋಟೋದಲ್ಲಿ ಏನೇ ಕೆಟ್ಟರೂ ತಪ್ಪು ಬೆಳಕಿನದು, ಬೆಳಕು ಸರಿಯಾದರೆ ಎಲ್ಲವೂ ಸರಿ ಎಂಬುದು ಅವನ ನಂಬಿಕೆ. ತನ್ನ ದೀಪ, ಕೊಡೆ, ಬಿಳಿ ಹಲಗೆ ಯಾವುದನ್ನೂ ಅವನು ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಹೆಂಡತಿಗೂ ಕೊಟ್ಟಿರಲಿಲ್ಲ.

ಈ ಸಲದ ಮದುವೆಯ ಹುಡುಗಿ ವಾರದ ಹಿಂದೆಯೇ ಇವರ ಫೋಟೋ ಅಂಗಡಿಗೆ ಬಂದು ಮೇಜಿನ ಮೇಲೆ ಏಳೆಂಟು ಹಳೆಯ ಫೋಟೋ ಹರಡಿದ್ದಳು.

"ಅಕ್ಕ, ಬೇರೆ ಫೋಟೋ ಹೇಗಾದ್ರೂ ಬರಲಿ. ನನಗೆ ಕಣ್ಣು ಬಿಟ್ಟಿರೋ ದೊಡ್ಡಮ್ಮ ಒಂದು ಬೇಕು."

ಎಲ್ಲ ಫೋಟೋದಲ್ಲೂ ಒಬ್ಬರೇ ಹೆಂಗಸು. ಎಲ್ಲದರಲ್ಲೂ ಕಣ್ಣು ಮುಚ್ಚಿದೆ. ಮೂರು ವರ್ಷದ ಮಗುವಾಗಿದ್ದಾಗಿನಿಂದ ಈ ಹುಡುಗಿಯನ್ನು ಸಾಕಿದವರು ಆ ದೊಡ್ಡಮ್ಮ. ಅವುಗಳಲ್ಲಿ ಚೆನ್ನಾಗಿದ್ದ ಒಂದಕ್ಕೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ್ದರಂತೆ. ಮನೆಗೆ ಬಂದ ನೆಂಟರೊಬ್ಬರು ಅದರ ಮುಂದೆ ನಿಂತು ನಿಟ್ಟುಸಿರು ಬಿಟ್ಟು "ಪಾಪ, ಯಾವಾಗ ಹೋದ್ರು?" ಎಂದು ಕೇಳಿದರಂತೆ. ಒಳಗಿನಿಂದ ನೀರಿನ ಲೋಟ ತಂದ ದೊಡ್ಡಮ್ಮನೇ "ಇನ್ನೂ ಇಲ್ಲ, ಕೂತ್ಕೊಳ್ಳಿ" ಅಂದರಂತೆ.

ಹುಡುಗಿ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಂತಿತು. "ಮದುವೆ ಮುಗಿದ ದಿನಾನೇ ಹೊರಡ್ತೀನಿ ಅಕ್ಕ. ರೈಲಲ್ಲಿ ಎರಡು ದಿನದ ದಾರಿ. ಮತ್ತೆ ಯಾವಾಗ ಬರ್ತೀನೋ ಗೊತ್ತಿಲ್ಲ. ಅವರು ನನ್ನ ನೋಡ್ತಾ ಇರೋ ಒಂದು ಫೋಟೋನೂ ನನ್ನ ಹತ್ರ ಇಲ್ಲ."

"ಇದೇನು ಬ್ರಹ್ಮವಿದ್ಯೆನಾ?" ಎಂದು ಛತ್ರಿ ಮುಂದೆ ಬಂದ. "ಫ್ಲ್ಯಾಷ್ ಅವರ ಕಣ್ಣಿಗೆ ಹೊಡೀತಿದೆ, ಅಷ್ಟೆ. ನಮ್ಮ ಬೆಳಕು ಹೊಡೆಯೋದಿಲ್ಲಮ್ಮ, ಸವರುತ್ತೆ. ಕಣ್ಣು ಬಿಟ್ಟ ದೊಡ್ಡಮ್ಮನ್ನ ನಿನ್ನ ಕೈಗೆ ಕೊಡ್ತೀನಿ. ಇದು ನನ್ನ ಮಾತು."

ಹುಡುಗಿ ಹೋದ ಮೇಲೆ ಹೆಂಡತಿ ಅಂದಳು: "ರೀ, ಮಾತು ಕೊಟ್ಟಿದ್ದು ನೀವು. ತೆಗೀಬೇಕಾದವಳು ನಾನು."

ಮದುವೆಯ ದಿನ ಬೆಳಿಗ್ಗೆಯೇ ಛತ್ರಿ ಶುರುಮಾಡಿದ. ಮೊದಲು ಕೊಡೆ ಬಿಚ್ಚಿ ಮೆತ್ತಗಿನ ಬೆಳಕು ಕೊಟ್ಟ. ದೊಡ್ಡಮ್ಮನ ಕಣ್ಣು ಮುಚ್ಚಿತ್ತು. ಫ್ಲ್ಯಾಷನ್ನು ಚಾವಣಿಗೆ ತಿರುಗಿಸಿ ಅಲ್ಲಿಂದ ಇಳಿಯುವ ಬೆಳಕು ಹಿಡಿದ. ಮುಚ್ಚಿತ್ತು. ಮಿಂಚೇ ಬೇಡವೆಂದು ಉರಿಯುವ ದೀಪಕ್ಕೆ ತೆಳು ಬಟ್ಟೆ ಮುಸುಕಿ ಪಕ್ಕದಲ್ಲಿಟ್ಟ. ಆಗಲೂ ಮುಚ್ಚಿತ್ತು. ಕೊನೆಗೆ "ಮೂರು ಅನ್ನೋವರೆಗೂ ಮುಚ್ಕೊಂಡಿರಿ, ಮೂರಕ್ಕೆ ಬಿಡಿ" ಎಂಬ ಹಳೆಯ ಉಪಾಯ ಹೂಡಿದ. ದೊಡ್ಡಮ್ಮ ಎರಡಕ್ಕೆ ಬಿಟ್ಟು ಮೂರಕ್ಕೆ ಮುಚ್ಚಿದರು.

ಪ್ರತಿ ಸಲವೂ ನೆಂಟರಲ್ಲಿ ಯಾರಾದರೊಬ್ಬರು "ಏ, ಎಲ್ಲ ಸುಮ್ನಿರಿ, ದೊಡ್ಡಮ್ಮನ ಫೋಟೋ!" ಎಂದು ಕೂಗುತ್ತಿದ್ದರು. ಇಡೀ ಮದುವೆಮನೆ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಆಮೇಲೆ ಗೊಳ್ಳೆಂದು ನಗು. ನಾಲ್ಕನೆಯ ನಗುವಿಗೆ ದೊಡ್ಡಮ್ಮ ತಾವೂ ನಕ್ಕು, ಮೇಜಿನ ಬಟ್ಟೆ ಮಡಚುವುದಿದೆ ಎಂದು ಹಿಂದಿನ ಕೋಣೆಗೆ ಹೊರಟೇಹೋದರು. ಛತ್ರಿ ಇಂಗು ತಿಂದ ಮಂಗನಂತೆ ನಿಂತ.

ಮೂರು ಗಂಟೆಗೆ ಮದುಮಕ್ಕಳು ಹೊರಡಬೇಕು. ಗಡಿಯಾರದಲ್ಲಿ ಒಂದೂವರೆ. ಊಟದ ಕಡೆಗೆ ಹೋಗುತ್ತಿದ್ದ ಹುಡುಗಿ ಅವನನ್ನು ದಾಟುವಾಗ ಏನೂ ಕೇಳಲಿಲ್ಲ, ಸುಮ್ಮನೆ ಒಮ್ಮೆ ನೋಡಿದಳು. ಕೇಳಿದ್ದರೆ ಏನಾದರೂ ಸಬೂಬು ಹೇಳಬಹುದಿತ್ತು. ನೋಟಕ್ಕೆ ಏನು ಹೇಳುವುದು?

ಕೊಡೆಯನ್ನೂ ದೀಪವನ್ನೂ ಬಿಟ್ಟು ಬರಿಗೈಯಲ್ಲಿ ಹಿಂದಿನ ಕೋಣೆಗೆ ಹೋದ. ದೊಡ್ಡಮ್ಮ ದೊಡ್ಡ ಕಿಟಕಿಯ ಪಕ್ಕ ನಿಂತು ಬಿಳಿ ಬಟ್ಟೆಗಳನ್ನು ಮಡಚುತ್ತಿದ್ದರು.

"ನನ್ನ ಬೆಳಕು ಅಷ್ಟು ಚುಚ್ಚುತ್ತಾ ದೊಡ್ಡಮ್ಮ?" ಎಂದು ಕೇಳುತ್ತ ಅಲ್ಲೇ ಬೆಂಚಿನ ಮೇಲೆ ಕೂತ. ಧ್ವನಿಯಲ್ಲಿ ಜಂಬ ಇರಲಿಲ್ಲ.

"ಬೆಳಕಿಗೇನಾಗಿದೆಯಪ್ಪ? ಚೆನ್ನಾಗೇ ಇದೆ." ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡ್ತಾರಲ್ಲ, ಆಗ ಇಲ್ಲಿಂದ ಮಾಯ ಆಗ್ಬಿಡೋಣ ಅನ್ಸುತ್ತೆ. ಮಾಯ ಆಗೋಕೆ ಬರಲ್ಲ. ಕಣ್ಣು ಮುಚ್ಕೋತೀನಿ. ಈ ವಯಸ್ಸಿಗೆ ನಾಚಿಕೆ ಅಂದ್ರೆ ಇನ್ನೂ ನಗ್ತಾರೆ, ಯಾರಿಗೂ ಹೇಳ್ಬೇಡ. ಏಳು, ಮಡಚಿದ ಬಟ್ಟೆ ಮೇಲೇ ಕೂತಿದ್ದೀಯ!"

ಛತ್ರಿ ಎದ್ದು ನಿಂತ. ಬೆಳಗಿನಿಂದ ಕುಣಿದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಆದರೆ ದೊಡ್ಡಮ್ಮ ಆ ಹೊತ್ತಿಗೆ ಒಂದು ಬಟ್ಟೆಯನ್ನು ಬೆಳಕಿಗೆ ಎತ್ತಿ ಹಿಡಿದು ಕಲೆ ಹುಡುಕುತ್ತಿದ್ದರು. ಕಣ್ಣು ಇಷ್ಟಗಲ ಬಿಟ್ಟಿತ್ತು. ಅವನು ನಿಂತಲ್ಲೇ ಅದನ್ನು ನೋಡಿದ, ಆಮೇಲೆ ಹೆಂಡತಿಯನ್ನು ಹುಡುಕಿಕೊಂಡು ಓಡಿದ.

ಹತ್ತು ನಿಮಿಷದಲ್ಲಿ ಮದುಮಗಳು ಅದೇ ಕೋಣೆಯ ಕಿಟಕಿಯ ಪಕ್ಕ ಕೂತಿದ್ದಳು. ಕಿಟಕಿಯ ಕಡೆಯ ಕೆನ್ನೆ ಬೆಳಗಿತ್ತು, ಇನ್ನೊಂದು ಕಡೆ ನೆರಳು. ಛತ್ರಿ ತನ್ನ ಬಿಳಿ ಹಲಗೆಯನ್ನು ದೊಡ್ಡಮ್ಮನ ಮುಂದೆ ಚಾಚಿದ.

"ದೊಡ್ಡಮ್ಮ, ನನ್ನ ಭುಜ ಹಿಡ್ಕೊಂಡುಬಿಟ್ಟಿದೆ. ಇದನ್ನ ಸ್ವಲ್ಪ ಹಿಡೀತೀರಾ? ಕಿಟಕಿ ಬೆಳಕು ಇದಕ್ಕೆ ಬಿದ್ದು ತಿರುಗಿ ಇವಳ ಕೆನ್ನೆಗೆ ಬೀಳ್ಬೇಕು. ಬೇರೆ ಯಾರಿಗೂ ಇದು ಬರಲ್ಲ."

ಭುಜಕ್ಕೆ ಏನೂ ಆಗಿರಲಿಲ್ಲ. ಹಲಗೆ ಕೈ ಬಿಡುವಾಗ ಮಾತ್ರ ಅವನಿಗೆ ನಿಜವಾಗಿಯೂ ಒಂದಿಷ್ಟು ನೋವಾಯಿತು. ಹೆಂಡತಿ ಕ್ಯಾಮೆರಾದ ಹಿಂದಿನಿಂದ ತಲೆಯೆತ್ತಿ, ಕೈ ಬದಲಾಯಿಸಿದ ಹಲಗೆಯನ್ನೂ ಗಂಡನ ಮುಖವನ್ನೂ ನೋಡಿ ಹುಬ್ಬೇರಿಸಿದಳು. ಅವಳು ಮೂಲೆಗೆ ಸರಿದು, ಹುಡುಗಿಯೂ ಹಲಗೆ ಹಿಡಿದವರೂ ಒಟ್ಟಿಗೆ ಕಾಣುವಂತೆ ನಿಂತಳು. ಕಿಟಕಿಗೆ ಎದುರಾಗಿದ್ದ ದೊಡ್ಡಮ್ಮನ ಮುಖದ ಮೇಲೆ ಬೇಡದೆಯೇ ಒಳ್ಳೆಯ ಬೆಳಕು ಬಿದ್ದಿತ್ತು. ಛತ್ರಿ ಬಾಗಿಲು ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತ, ನೆಂಟರು ಯಾರೂ ಬರಬಾರದೆಂದು.

ದೊಡ್ಡಮ್ಮ ಹಲಗೆ ಆ ಕಡೆ ಈ ಕಡೆ ವಾಲಿಸಿದರು. ಹುಡುಗಿಯ ಕೆನ್ನೆ ಬೆಳಗಿತು, ಮಂಕಾಯಿತು, ಮತ್ತೆ ಬೆಳಗಿತು. ವಿದ್ಯೆ ಕೈಗೆ ಹತ್ತಿದ ಖುಷಿ ಅವರಿಗೆ.

"ಗಲ್ಲ ಎತ್ತೇ. ಮೂಗಿನ ಪಕ್ಕ ಇನ್ನೂ ಕತ್ತಲಿದೆ. ತಡಿ, ತಡಿ, ಅಲ್ಲಾಡ್ಬೇಡ. ಊಟ ಮಾಡ್ದೆ ತಾನೆ? ಮುಖ ಯಾಕೆ ಸಣ್ಣಗಾಗಿದೆ?"

ಆಗಲೇ ಮೋಡ ಸರಿದು ಬಿಸಿಲು ಒಮ್ಮೆಲೇ ಒಳನುಗ್ಗಿತು. ಹಲಗೆಗೆ ತಾಗಿದಷ್ಟೂ ಬೆಳಕು ಹುಡುಗಿಯ ಮುಖಕ್ಕೆ ಹೋಗಿ ಬಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ "ದೊಡ್ಡಮ್ಮಾ!" ಎಂದು ನಗತೊಡಗಿದಳು. ಜಾಸ್ತಿಯಾಯಿತೇನೋ ಎಂದು ದೊಡ್ಡಮ್ಮ ಹಲಗೆಯ ಮೇಲಿಂದ ಕತ್ತು ಚಾಚಿ ಅವಳನ್ನು ನೋಡಿದರು. ಹೆಂಡತಿ ಒಂದೇ ಒಂದು ಸಲ ಒತ್ತಿದಳು.

ಛತ್ರಿ ಓಡಿಬಂದು ಕ್ಯಾಮೆರಾದ ಪರದೆಗೆ ಮೂಗು ತಾಗಿಸಿದ. "ಅಯ್ಯೋ, ಕೆಟ್ಟೇಹೋಯ್ತು! ಕೆನ್ನೆ ಸುಣ್ಣ ಬಳಿದ ಹಾಗಿದೆ. ಮದುಮಗಳ ಕಣ್ಣೇ ಮುಚ್ಚಿದೆ. ಇನ್ನೊಂದು ತೆಗಿ, ಬೇಗ!"

ಹುಡುಗಿ ಎದ್ದುಬಂದು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ಇದೇ ಇರಲಿ ಅಣ್ಣ."

"ನಿನ್ನ ಕಣ್ಣು ಮುಚ್ಚಿದೆಯಲ್ಲಮ್ಮ!"

"ನನ್ನ ಮುಖ ದಿನಾ ಕನ್ನಡಿಯಲ್ಲಿ ಸಿಗುತ್ತಲ್ಲ."

ಛತ್ರಿ ಕ್ಯಾಮೆರಾದ ಪರದೆಯನ್ನು ದೊಡ್ಡಮ್ಮನ ಕಡೆ ತಿರುಗಿಸಿದ.

ತಮ್ಮನ್ನೂ ಸೇರಿಸಿ ತೆಗೆದಿದ್ದಾರೆ ಎಂದು ದೊಡ್ಡಮ್ಮನಿಗೆ ಆಗ ಹೊಳೆಯಿತು. "ಮೋಸಗಾರರು ನೀವಿಬ್ರೂ" ಎಂದು ಬೈಯುತ್ತ ಹಲಗೆಯನ್ನು ಕಂಕುಳಿಗೆ ಸೇರಿಸಿ, ಕನ್ನಡಕ ಮೂಗಿಗೇರಿಸಿ ಬಗ್ಗಿದರು. ಪರದೆಯಲ್ಲಿ ಕಣ್ಣು ಪೂರಾ ಬಿಟ್ಟ ಒಬ್ಬ ಹೆಂಗಸು, ಲೋಕದಲ್ಲಿ ನೋಡುವುದಕ್ಕೆ ಬೇರೇನೂ ಇಲ್ಲವೆಂಬಂತೆ ಆ ಹುಡುಗಿಯನ್ನು ನೋಡುತ್ತಿದ್ದಳು.

"ಇವಳನ್ನ ನಾನು ಹೀಗಾ ನೋಡೋದು?" ಎಂದು ಕೇಳಿದರು, ಯಾರನ್ನು ಕೇಳಿದರೆಂಬುದು ಗೊತ್ತಾಗಲಿಲ್ಲ.

"ದಿನಾ ಹೀಗೇ ದೊಡ್ಡಮ್ಮ," ಅಂದಳು ಹುಡುಗಿ.

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಛತ್ರಿಯ ಕಡೆ ತಿರುಗಿ ಅಂದರು: "ನನಗೂ ಒಂದು ಮಾಡ್ಸಿ ಕೊಡಪ್ಪ. ಇವಳು ಹೋದ್ಮೇಲೆ ಮನೇಲಿ ನಾನೂ ಏನಾದ್ರೂ ನೋಡ್ಬೇಕಲ್ಲ."