ಎತ್ತಿದ ಕೈಗಳು

ಸಭಾಂಗಣದ ಮುಕ್ಕಾಲು ಪಾಲು ಕೈಗಳು ಮೇಲೆದ್ದಿದ್ದವು. ಗಾಜು ಊದುವವಳು ಸುಟ್ಟ ಕಲೆಗಳ ತನ್ನ ಕೈಯನ್ನು ಎಲ್ಲರಿಗಿಂತ ಎತ್ತರಕ್ಕೆ ಚಾಚಿ, ಪಕ್ಕದಲ್ಲಿದ್ದ ಚಿಕ್ಕಪ್ಪನನ್ನು ನೋಡಿ ನಕ್ಕಳು. ಕಾರ್ಖಾನೆಯ ಕುಲುಮೆ ಆರಿಸಿ ಜಾಗ ಮಾರುವ ನಿರ್ಣಯಕ್ಕೆ ವಿರೋಧವಾಗಿ ಎದ್ದ ಕೈಗಳವು.

ಉಪಾಯ ಚಿಕ್ಕಪ್ಪನದೇ. ಕಾರ್ಮಿಕ ಸಂಘದ ಕಾರ್ಯದರ್ಶಿಯಾದ ಅವನಿಗೆ ಕಾನೂನು ಪುಸ್ತಕದ ಹುಚ್ಚು. ಎಲ್ಲರೂ ‘ಲಾಯರ್’ ಎಂದೇ ರೇಗಿಸುತ್ತಿದ್ದರು. ಕಂಪನಿಯ ಮಹಾಸಭೆಯಲ್ಲಿ ನೌಕರರಿಗೆ ಬಾಯಿಲ್ಲ, ಷೇರುದಾರರಿಗೆ ಉಂಟು. ಮತ ಹಾಕುವುದು ಕೈ ಎತ್ತಿ, ತಲೆಗೊಂದೇ ಕೈ ಎಂದು ಅವನು ಓದಿ ಹೇಳಿದ್ದ. ಕುಲುಮೆಯವರೆಲ್ಲ ಒಂದೊಂದು ಷೇರು ಕೊಂಡುಬಿಟ್ಟಿದ್ದರು.

ಅಧ್ಯಕ್ಷರು ಕೈಗಳ ಮೇಲೆ ಕಣ್ಣಾಡಿಸಿದರು. ಆಮೇಲೆ ಬೆಲ್ಲ ಸವರಿದ ದನಿಯಲ್ಲಿ, ತಲೆ ಎಣಿಸುವುದು ಬೇಡ, ಷೇರುಗಳ ಲೆಕ್ಕದಲ್ಲೇ ಮತವಾಗಲಿ ಎಂಬ ಕೋರಿಕೆ ಬಂದಿದೆ, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ ಎಂದರು. ಮುಂದಿನ ಸಾಲಿನ ಮೂವರ ಕೈಯಲ್ಲೇ ಕಂಪನಿಯ ಬಹುಪಾಲು ಷೇರುಗಳಿದ್ದವು. ಎಣಿಸುವ ಮೊದಲೇ ಎಲ್ಲ ಮುಗಿದಿತ್ತು.

ಇದನ್ನು ಓದಿರಲಿಲ್ಲವೇ ಎಂದು ಅವಳು ಹಲ್ಲು ಕಚ್ಚಿ ಚಿಕ್ಕಪ್ಪನನ್ನು ಕೇಳಿದಳು.

“ಓದಿದ್ದೆ ಕಣೇ. ಇಷ್ಟು ಜನ ಕೈ ಎತ್ತಿದ್ಮೇಲೆ ಅವ್ರಿಗೆ ನಾಚಿಕೆ ಆಗತ್ತೆ ಅಂದ್ಕೊಂಡೆ.”

ಅವಳು ದಡಕ್ಕನೆ ಎದ್ದು ನಿಂತಳು. “ಕುಲುಮೆ ಒಂದ್ಸಲ ಆರಿದ್ರೆ ಒಳಗಿನ ಗಾಜು ಬಂಡೆ ಆಗತ್ತೆ, ಮತ್ತೆ ಹಚ್ಚೋಕಾಗಲ್ಲ. ನಮ್ಮ ಗತಿ ಏನು ಸ್ವಾಮಿ?”

“ಇಲ್ಲಿ ನೀವು ಷೇರುದಾರರಾಗಿ ಬಂದಿದ್ದೀರಮ್ಮ,” ಅಧ್ಯಕ್ಷರು ಮೃದುವಾಗಿ ಹೇಳಿದರು. “ನೌಕರಿ ಮಾತು ಇಲ್ಲಿ ಬೇಡ.”

ಅವಳ ಮೈಯೆಲ್ಲ ಹೊತ್ತಿಕೊಂಡಿತು. ಒಬ್ಬಳನ್ನೇ ಇಬ್ಬರಾಗಿ ಸೀಳಿ, ಇಬ್ಬರ ಬಾಯಿಯನ್ನೂ ಹೊಲಿಯುವ ವಿದ್ಯೆ ಅಜ್ಜಿಯ ಕಥೆಗಳ ಮಾಂತ್ರಿಕರಿಗೂ ತಿಳಿದಿರಲಿಲ್ಲ.

ಮಧ್ಯಾಹ್ನದ ಪಾಳಿಗೆ ಎಲ್ಲರೂ ಮರಳಿದಾಗ ಮ್ಯಾನೇಜರು ಕುಲುಮೆಯ ಮುಂದೆ ಕಾಯುತ್ತಿದ್ದ. ಮೇಲಿನಿಂದ ಅಪ್ಪಣೆಯಾಗಿದೆ, ಇವತ್ತೇ ಆರಿಸಬೇಕು ಎಂದು ಬೆವರೊರೆಸಿಕೊಳ್ಳುತ್ತ ಹೇಳಿ, ಹತ್ತಿರವಿದ್ದ ಅವಳಿಗೆ ಗ್ಯಾಸಿನ ವಾಲ್ವ್ ತೋರಿಸಿದ.

“ನಮ್ಮ ಕೈ ಲೆಕ್ಕಕ್ಕಿಲ್ಲ ಅಂದ್ರಲ್ಲ ಸಾರ್,” ಎಂದಳು. “ಆ ಷೇರುಗಳೇ ಬಂದು ತಿರುಗಿಸ್ಲಿ.”

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ಉದ್ದನೆಯ ಬೆಂಚನ್ನು ದರದರ ಎಳೆದು ತಂದು, ವಾಲ್ವಿಗೆ ಅಡ್ಡ ಹಾಕಿ ಕುಳಿತಳು. ಅಚ್ಚು ಹಿಡಿಯುವವರು ಬಂದು ಕೂತರು, ಅಂಚು ಉಜ್ಜುವವರು ಬಂದು ಕೂತರು. ಬೆನ್ನ ಹಿಂದೆ ಬೆಂಕಿ ಗುಂಯ್‌ಗುಡುತ್ತಿತ್ತು. ಎಲ್ಲರಿಗಿಂತ ಕೊನೆಗೆ ಚಿಕ್ಕಪ್ಪ ಬಂದು ತಲೆ ತಗ್ಗಿಸಿ ನಿಂತ.

ಅವಳು ಅವನ ಕಡೆ ನೋಡಲಿಲ್ಲ. ತುಸು ಸರಿದು ಜಾಗ ಬಿಟ್ಟಳು.